ಕೆಂಪು ಚೀಟಿಯ ಪಂಜರ

ಭೋಸರಿ, ಪುಣೆ
೮ ಜುಲೈ ೨೦೨೫

ಶರ್ವರಿಬಾಯಾರಿಗೆ ಇಂದೂನ ನಮಸ್ಕಾರ.

ನೀವು ಕಲ್ಕತ್ತಾ ಮುಟ್ಟಿದ ಸುದ್ದಿ ಕಿಶೋರಣ್ಣ ಹೇಳಿದರು. ಊಟ ಸರಿಹೋಗುತ್ತದೋ ಇಲ್ಲವೋ? ಅಲ್ಲಿ ಎಲ್ಲದಕ್ಕೂ ಸಾಸಿವೆ ಎಣ್ಣೆ ಅಂತ ಕೇಳಿದ್ದೇನೆ. ನಿಮಗೆ ಮೊದಲೇ ಹೊಟ್ಟೆ ನಾಜೂಕು.

ಹೋಗುವ ದಿವಸ ನೀವು ಚಿಕ್ಕವ್ವನನ್ನು ಕರೆದ ಹಾಗೆ, "ಮಾವಶಿ, ಫೋನಿನಾಗ ನೀವು ಬರೇ ಚಲೋ ಅದ ಚಲೋ ಅದ ಅಂತೀರಿ, ನನಗ ಏನೂ ತಿಳಿಯೂದಿಲ್ಲ. ಕಾಗದಾ ಬರೀರಿ" ಅಂದಿರಿ. ಅದಕ್ಕೆ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಆರನೇತ್ತೆಯನ್ನು ಎರಡು ಸಲ ಅರ್ಧಕ್ಕೆ ಬಿಟ್ಟವಳು ನಾನು. ಮೊದಲ ಸಲ ಅವ್ವ ಹಾಸಿಗೆ ಹಿಡಿದಾಗ, ಎರಡನೇ ಸಲ ಅವ್ವ ಹೋದ ಮೇಲೆ ತಮ್ಮ ಭೀಮಣ್ಣನನ್ನು ಎತ್ತಿಕೊಳ್ಳುವವರು ಯಾರೂ ಇಲ್ಲ ಅಂತ. ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ.

ನಮ್ಮ ಲ್ಯಾಬಿನ ಇಲಿಗಳು ಆರಾಮ ಇವೆ. ಆರಾಮ ಅನ್ನಬಾರದೇನೋ, ಅವುಗಳ ಕಿಡ್ನಿ ಕೆಡಲಿ ಅಂತಲೇ ಆಹಾರದಲ್ಲಿ ಪುಡಿ ಬೆರೆಸಿ ಹಾಕುತ್ತೇವಲ್ಲ. ನೀಲಿ ಚೀಟಿಯ ಹತ್ತು, ಕೆಂಪು ಚೀಟಿಯ ಹತ್ತು, ಎಲ್ಲಾ ಇಪ್ಪತ್ತೂ ಇವೆ. ಕಿಶೋರಣ್ಣ ದಿನಾ ಮುಂಜಾನೆ ಒಂಬತ್ತಕ್ಕೆ ಸೂಜಿಯಿಲ್ಲದ ಸಿರಿಂಜಿನಿಂದ ಎಲ್ಲವಕ್ಕೂ ಬಾಯಿಗೆ ಹಾಕುತ್ತಾರೆ. ಯಾವುದರಲ್ಲಿ ನಿಮ್ಮ ಔಷಧ, ಯಾವುದರಲ್ಲಿ ಬರೀ ನೀರು ಅಂತ ಅವರಿಗೂ ಗೊತ್ತಿಲ್ಲ. ಕೆಂಪಿನದು ಔಷಧ ಅಂತ ನೀವು ನನಗೆ ಹೇಳಿದ್ದನ್ನು ನಾನು ಯಾರಿಗೂ ಹೇಳಿಲ್ಲ.

ಭೀಮಣ್ಣನ ರಕ್ತದ ವರದಿ ಬಂತು. ಒಂದರ ಆಸುಪಾಸು ಇರಬೇಕಾದ ಕ್ರಿಯಾಟಿನಿನ್ ಐದೂವರೆ. ಮೂರು ತಿಂಗಳ ಹಿಂದೆ ನಾಲ್ಕಿತ್ತು. ಕಿಡ್ನಿಯಲ್ಲಿ ನಾರು ಕಟ್ಟಿದೆ ಅನ್ನುತ್ತಾರೆ ಡಾಕ್ಟರು. ನೀವು ನೋಡುವುದೂ ಅದೇ ನಾರು ಅಲ್ಲವೇ? ಅದು ಹೇಗೆ ಕಟ್ಟುತ್ತದೆ, ನಿಮ್ಮ ಔಷಧ ಅದನ್ನು ಹೇಗೆ ತಡೆಯುತ್ತದೆ, ನನಗೆ ತಿಳಿಯುವ ಹಾಗೆ ಬರೆಯಿರಿ. ಅವನು ಕಾರಖಾನೆಗೆ ಹೋಗುತ್ತಾನೆ, ಪ್ರೆಸ್ ಮಶೀನಿನ ಮುಂದೆ ಎಂಟು ತಾಸು ನಿಲ್ಲುತ್ತಾನೆ, ಸಂಜೆ ಬಂದಾಗ ಕಾಲು ಬಾತಿರುತ್ತವೆ. ನಾನು ಬೆರಳಿಂದ ಒತ್ತಿ ನೋಡುತ್ತೇನೆ. ಗುಳಿ ಹಾಗೇ ಉಳಿಯುತ್ತದೆ.

ಇಂದೂ


ಕೋಲ್ಕತಾ
೧೭ ಜುಲೈ ೨೦೨೫

ಪ್ರೀತಿಯ ಇಂದೂಮಾವಶಿ,

ನಿಮ್ಮ ಕಾಗದ ಓದಿ ಪುಣೆಗೇ ಬಂದಂತಾಯಿತು. ಸಾಸಿವೆ ಎಣ್ಣೆ ರೂಢಿಯಾಗುತ್ತಿದೆ. ನಾನು ಕಲಿಯಲು ಬಂದ ಯಂತ್ರ ಮಾತ್ರ ಇನ್ನೂ ರೂಢಿಯಾಗಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ಕಿಡ್ನಿಯೊಳಗೆ ಗಾಯವಾದರೆ ಅಲ್ಲಿನ ಜೀವಕೋಶಗಳು ಟಿಜಿಎಫ್ ಬೀಟಾ ಎಂಬ ಪ್ರೋಟೀನನ್ನು ಹೊರಗೆ ಬಿಡುತ್ತವೆ. ಅದೊಂದು ಸುದ್ದಿ ಅಂದುಕೊಳ್ಳಿ. ಆ ಸುದ್ದಿ ಪಕ್ಕದ ಕೋಶದ ಬಾಗಿಲಿಗೆ ಹೋಗಿ ಮುಟ್ಟುತ್ತದೆ. ಬಾಗಿಲ ಒಳಗೆ ಸ್ಮ್ಯಾಡ್ ಅಂತ ಇನ್ನೊಂದು ಪ್ರೋಟೀನು ಕಾದಿರುತ್ತದೆ. ಅದು ಸುದ್ದಿ ಹೊತ್ತು ಕೋಶದ ಕೇಂದ್ರಕ್ಕೆ ಹೋಗಿ, ನಾರು ಹೆಣೆಯಿರಿ ಎನ್ನುತ್ತದೆ. ಗಾಯ ಮುಚ್ಚಲು ನಾರು ಬೇಕೇ ಬೇಕು, ಅದು ಒಳ್ಳೆಯದೇ. ಆದರೆ ಕೆಲವರಲ್ಲಿ ಈ ಸುದ್ದಿ ನಿಲ್ಲುವುದೇ ಇಲ್ಲ. ಗಾಯ ಮಾಯ್ದರೂ ಹೋಗುತ್ತಲೇ ಇರುತ್ತದೆ, ನಾರು ಬೆಳೆಯುತ್ತಲೇ ಇರುತ್ತದೆ. ಕೊನೆಗೆ ರಕ್ತ ಸೋಸುವ ಜಾಗವೆಲ್ಲ ನಾರಿನಿಂದ ತುಂಬಿಹೋಗುತ್ತದೆ. ನಮ್ಮ ಔಷಧ ಆ ಬಾಗಿಲಲ್ಲೇ ಸುದ್ದಿಯನ್ನು ತಡೆಯುತ್ತದೆ, ಅಥವಾ ತಡೆಯಲಿ ಅಂತ ನಮ್ಮ ಆಸೆ.

ಭೀಮಣ್ಣ ಮಾಮಾನಿಗೆ ಧೈರ್ಯ ಹೇಳಿ. ಉಪ್ಪು ಕಡಿಮೆ ಮಾಡಲಿ. ಇಲಿಗಳ ಫಲಿತಾಂಶ ಚೆನ್ನಾಗಿ ಬಂದರೆ ಎಷ್ಟೋ ಜನರಿಗೆ ದಾರಿಯಾಗುತ್ತದೆ.

ನಿಮ್ಮ ಶರ್ವರಿ


ಭೋಸರಿ
೨೯ ಜುಲೈ ೨೦೨೫

ಶರ್ವರಿಬಾಯಾರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಭೀಮಣ್ಣನಿಗೆ ಮೂರು ಸಲ ಓದಿ ಹೇಳಿದೆ. ಅವನು, "ಅಂದ್ರ ಬಾಗಲಾ ಹಾಕಿಬಿಟ್ರ ಆತು, ಹೌದಿಲ್ಲೋ?" ಅಂದ. ಹೌದು ಅಂದೆ. ಎಷ್ಟೋ ದಿವಸದ ಮೇಲೆ ಎರಡು ರೊಟ್ಟಿ ಉಂಡ.

ಈ ತಿಂಗಳು ಹದಿಮೂರಕ್ಕೆ, ರವಿವಾರ, ನಾವಿಬ್ಬರೂ ಜೇಜುರಿಗೆ ಹೋಗಿ ಬಂದೆವು. ನಮ್ಮ ಕಡೆ ಮೈಲಾರಲಿಂಗ ಅನ್ನುತ್ತೇವೆ, ಇಲ್ಲಿಯವರು ಖಂಡೋಬಾ ಅನ್ನುತ್ತಾರೆ, ದೇವರು ಒಬ್ಬನೇ. ಭೀಮಣ್ಣನಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ, ಅರ್ಧಕ್ಕೆ ಕೂತ. ನಾನೊಬ್ಬಳೇ ಹತ್ತಿ ಭಂಡಾರ ತಂದೆ. ನಿಮಗೆ ಗೊತ್ತೇ ಇದೆ, ಅರಿಶಿಣ ತೂರಿ ತೂರಿ ಗುಡಿಯೆಲ್ಲ ಹಳದಿಯಾಗಿರುತ್ತದೆ, ನನ್ನ ಸೀರೆ ಇನ್ನೂ ಹಾಗೇ ಇದೆ. ಆ ಭಂಡಾರವನ್ನು ಬೇನೆ ಬಿದ್ದವರ ಬಾಯಿಗೆ ದಿನಕ್ಕೊಂದು ಚಿಟಿಕೆ ಹಾಕುವ ಪದ್ಧತಿ ನಮ್ಮದು. ಅವ್ವನಿಗೂ ಹಾಕಿದ್ದೆವು. ಅವ್ವ ಉಳಿಯಲಿಲ್ಲ, ಆ ಮಾತು ಬೇರೆ.

ಇಲಿಗಳೆಲ್ಲ ಸರಿ ಇವೆ. ಕೆಂಪು ಚೀಟಿಯವು ನೀಲಿಯವುಗಳಿಗಿಂತ ಚುರುಕು ಅಂತ ನನಗೆ ಅನ್ನಿಸುತ್ತದೆ. ನನಗೆ ಮಾತ್ರವೋ ಏನೋ. ಮೊನ್ನೆ ಪಂಜರದ ತಟ್ಟೆ ತೊಳೆಯಲು ತೆಗೆದಾಗ ಕಿಶೋರಣ್ಣ ಬಗ್ಗಿ ನೋಡಿ ಮರಾಠಿಯಲ್ಲಿ, "ಇಂದೂಬಾಯಿ, ಈ ಕೆಂಪಿನವು ಮದುವೆ ಮನೆಗೆ ಹೋಗಿ ಬಂದವೇನು? ಎಲ್ಲಾ ಹಳದಿ!" ಅಂತ ನಕ್ಕರು. ಉಚ್ಚೆ ಇರಬೇಕ್ರಿ ಅಂದೆ. ರಜಿಸ್ಟರಿನಲ್ಲಿ ಬರೆದುಕೊಂಡರು. ಬರೆದುಕೊಳ್ಳುವಂಥದ್ದು ಏನಿತ್ತು? ಅವರಿಗೆ ಎಲ್ಲವನ್ನೂ ಬರೆಯುವ ಚಟ.

ಮುಂದಿನ ವಾರ ಇಲಿಗಳ ಜೀವ ತೆಗೆಯುತ್ತೇವೆ. ಕಿಡ್ನಿಗಳನ್ನು ಐಸಿನಲ್ಲಿಟ್ಟು ನಿಮಗೆ ಕಳಿಸುತ್ತಾರಂತೆ. ಆ ದಿನ ನಾನು ರಜೆ ಹಾಕುತ್ತೇನೆ. ಬೈಯಬೇಡಿರಿ.

ಇಂದೂ


ಕೋಲ್ಕತಾ
೨೦ ಆಗಸ್ಟ್ ೨೦೨೫

ಪ್ರೀತಿಯ ಮಾವಶಿ,

ಈ ಕಾಗದವನ್ನು ನಾನು ಕೂತು ಬರೆಯುತ್ತಿಲ್ಲ, ನಿಂತೇ ಬರೆಯುತ್ತಿದ್ದೇನೆ!

ಕಿಡ್ನಿಯ ತೆಳುವಾದ ಪದರಗಳನ್ನು ಗಾಜಿನ ಮೇಲಿಟ್ಟು ಬಣ್ಣ ಹಾಕಿದೆವು. ಈ ಬಣ್ಣದಲ್ಲಿ ನಾರೆಲ್ಲ ನೀಲಿಯಾಗಿ ಕಾಣುತ್ತದೆ. ನೀಲಿ ಚೀಟಿಯ ಇಲಿಗಳ ಕಿಡ್ನಿಯಲ್ಲಿ ಎಲ್ಲಿ ನೋಡಿದರೂ ನೀಲಿ. ಕೆಂಪು ಚೀಟಿಯವುಗಳಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಮೂವರು ಬೇರೆ ಬೇರೆಯಾಗಿ ಎಣಿಸಿದರು, ಮೂವರದೂ ಅದೇ ಲೆಕ್ಕ. ಸ್ಮ್ಯಾಡ್ ಕೂಡ ತಣ್ಣಗಾಗಿದೆ. ಇಷ್ಟು ಇಳಿಯುತ್ತದೆ ಅಂತ ನಾವ್ಯಾರೂ ಎಣಿಸಿರಲಿಲ್ಲ.

ಇನ್ನೊಂದು ಗಮ್ಮತ್ತು ಕೇಳಿ. ಕಿಶೋರ್ ಅವರ ರಜಿಸ್ಟರಿನಲ್ಲಿ ಕೆಂಪು ಗುಂಪಿನ ಮೂತ್ರ ಗಾಢ ಹಳದಿ ಅಂತ ಏಳು ದಿನ ಬರೆದಿದೆ. ಔಷಧ ಮೈಯಲ್ಲಿ ಒಡೆದು ಹೊರಗೆ ಹೋಗುತ್ತಿದೆ ಎಂಬುದರ ಗುರುತು ಅದು ಎನ್ನುತ್ತಾರೆ ನಮ್ಮ ಸರ್. ಅದನ್ನೂ ಪ್ರಬಂಧದಲ್ಲಿ ಸೇರಿಸಿದ್ದೇವೆ. ಅದು ಮೂತ್ರದ ಬಣ್ಣ ಅಂತ ಮೊದಲು ಹೇಳಿದವರು ನೀವೇ ಅಂತ ಕಿಶೋರ್ ಫೋನಿನಲ್ಲಿ ಹೇಳಿದರು. ನಿಮ್ಮ ಹೆಸರನ್ನು ಕೃತಜ್ಞತೆಯ ಸಾಲಿನಲ್ಲಿ ಹಾಕುತ್ತೇನೆ. ಅಕ್ಟೋಬರದಲ್ಲಿ ದಿಲ್ಲಿಯ ಸಮ್ಮೇಳನ.

ಕಿಡ್ನಿಗಳು ಬಂದ ಐಸಿನ ಪೆಟ್ಟಿಗೆಯಲ್ಲಿ ನಿಮ್ಮ ಕಾಗದ ಇರಲಿಲ್ಲ. ಯಾಕೆ? ಭೀಮಣ್ಣ ಮಾಮಾ ಹೇಗಿದ್ದಾರೆ?

ಶರ್ವರಿ


ಭೋಸರಿ
೩ ಸೆಪ್ಟೆಂಬರ್ ೨೦೨೫

ಶರ್ವರಿಬಾಯಾರಿಗೆ,

ನಿಮ್ಮ ಕಾಗದ ಬಂತು. ಸಂತೋಷ. ನನ್ನ ಹೆಸರು ಹಾಕಬೇಡಿರಿ. ಕೈ ಮುಗಿಯುತ್ತೇನೆ, ಹಾಕಲೇಬೇಡಿರಿ.

ಭೀಮಣ್ಣನ ಕ್ರಿಯಾಟಿನಿನ್ ಆರು ಪಾಯಿಂಟ್ ಎಂಟು. ಡಾಕ್ಟರು ಈಗಲೇ ಕೈಗೆ ಫಿಸ್ಟುಲಾ ಮಾಡಿಸಿ ಅಂದರು. ಎಡಗೈಯ ಎರಡು ರಕ್ತನಾಳ ಕೂಡಿಸಿ ಹೊಲಿಯುತ್ತಾರಂತೆ, ಅದು ಬಲಿಯಲು ಆರೆಂಟು ವಾರ ಬೇಕಂತೆ. ಆಮೇಲೆ ಡಯಾಲಿಸಿಸ್ ಬೇಕಾದಾಗ ಅಲ್ಲಿಂದಲೇ ಸೂಜಿ. ಭೀಮಣ್ಣ ಒಲ್ಲೆ ಅಂದ. ಡಾಕ್ಟರ ಮುಂದೆಯೇ ಅಂದ, "ನಮ್ಮ ಅಕ್ಕನ ಲ್ಯಾಬಿನಾಗ ಔಷಧ ಬಂದದರಿ. ಅರ್ಧಕ್ಕರ್ಧ ನಾರು ಹೋಗ್ಯಾದ. ನಾ ಕಾಯ್ತೀನಿ." ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನಿಮ್ಮ ಕಾಗದ ಬಂದ ದಿನ ಅವನಿಗೆ ಓದಿದ್ದು ನಾನೇ.

ಒಂದು ಮಾತು ಕೇಳಲೇ? ಇಲಿಗಳ ಆಹಾರದಲ್ಲಿ ಬೇರೆ ಏನಾದರೂ ಬಿದ್ದಿದ್ದರೆ, ಸ್ವಲ್ಪೇ ಸ್ವಲ್ಪ, ಲೆಕ್ಕಕ್ಕೆ ಬರುತ್ತದೆಯೇ? ಸುಮ್ಮನೆ ಕೇಳಿದೆ. ನನಗೆ ಊಟ ಸೇರುವುದಿಲ್ಲ, ಅದಕ್ಕೆ ಏನೇನೋ ಕೇಳುತ್ತೇನೆ.

ಇಂದೂ


ಕೋಲ್ಕತಾ
೧೨ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಾವಶಿ,

ಆಹಾರದ ಚಿಂತೆ ಬಿಡಿ. ಜೂನ್ ತಿಂಗಳ ಚೀಲಕ್ಕೆ ಬೂಷ್ಟು ಹಿಡಿದಿತ್ತಲ್ಲ, ಅದು ನಿಮ್ಮ ಮನಸ್ಸಿನಲ್ಲಿ ಉಳಿದಿದೆ ಅಂತ ಕಾಣುತ್ತದೆ. ಅದನ್ನು ನಾವೇ ಎಸೆದೆವು, ನೆನಪಿದೆಯಾ? ಎರಡೂ ಗುಂಪಿಗೆ ಒಂದೇ ಚೀಲದ ಆಹಾರ ಹೋಗಿದೆ. ಒಂದರಲ್ಲಿ ಕಸ ಬಿದ್ದಿದ್ದರೆ ಇನ್ನೊಂದರಲ್ಲೂ ಬಿದ್ದಿರುತ್ತದೆ. ಹಾಗಾಗಿ ಅದು ಲೆಕ್ಕಕ್ಕಿಲ್ಲ.

ಇಷ್ಟು ಶ್ರದ್ಧೆಯಿಂದ ಯೋಚಿಸುವವರು ನಮ್ಮ ಪ್ರಾಣಿಗೃಹದಲ್ಲಿ ನೀವೊಬ್ಬರೇ.

ಭೀಮಣ್ಣ ಮಾಮಾನ ವಿಷಯ ಫೋನಿನಲ್ಲಿ ಮಾತಾಡೋಣ. ಈಗ ಭಾಳ ಗಡಿಬಿಡಿ, ಪ್ರಬಂಧ ಕಳಿಸುವ ಕೊನೆಯ ದಿನ ಹತ್ತಿರ ಬಂತು.

ಶರ್ವರಿ


ಭೋಸರಿ
೨೪ ಸೆಪ್ಟೆಂಬರ್ ೨೦೨೫

ಶರ್ವರಿಬಾಯಾರೆ,

ನೀವು ಎರಡು ಸಲ ಫೋನು ಮಾಡಿದಿರಿ, ನಾನು ಎತ್ತಲಿಲ್ಲ. ಎತ್ತಿದರೆ ಚಲೋ ಅದ ಅಂದುಬಿಡುತ್ತಿದ್ದೆ.

ಎರಡೂ ಗುಂಪಿಗೆ ಒಂದೇ ಬಿದ್ದಿಲ್ಲ. ಕೆಂಪಿನವಕ್ಕೆ ಮಾತ್ರ ಬಿದ್ದಿದೆ. ಹಾಕಿದವಳು ನಾನು.

ಜೇಜುರಿಯ ಭಂಡಾರವನ್ನು ಸೀರೆಯ ಸೆರಗಿನ ಗಂಟಿನಲ್ಲಿ ಒಳಗೆ ಒಯ್ದೆ. ಜುಲೈ ಹದಿನಾಲ್ಕರಿಂದ ಆಗಸ್ಟ್ ನಾಲ್ಕರವರೆಗೆ, ಇಪ್ಪತ್ತೆರಡು ದಿನ. ಕೆಂಪು ಚೀಟಿಯ ಎರಡು ಪಂಜರ, ಪ್ರತಿ ಪಂಜರದ ಆಹಾರಕ್ಕೆ ದಿನಕ್ಕೊಂದು ಚಿಟಿಕೆ ಹಾಕಿ ಬೆರಳಿನಿಂದ ಕಲೆಸುತ್ತಿದ್ದೆ. ಕಿಶೋರಣ್ಣ ಚಹಾಕ್ಕೆ ಹೋದ ಹೊತ್ತು. ತಟ್ಟೆಯಲ್ಲಿ ಕಂಡಿದ್ದು ಉಚ್ಚೆಯಲ್ಲ, ಅರಿಶಿಣ. ಅದನ್ನು ಉಚ್ಚೆ ಅಂದವಳು ನಾನು. ಅದು ನಿಮ್ಮ ಪ್ರಬಂಧಕ್ಕೆ ಹೋಯಿತು. ಆ ದಿವಸದಿಂದ ನನಗೆ ಅನ್ನ ಮಣ್ಣಾಗಿದೆ.

ನೀವು ಕೇಳುವುದಕ್ಕಿಂತ ಮೊದಲು ನಾನೇ ಹೇಳುತ್ತೇನೆ. ನೀಲಿಯವಕ್ಕೆ ಯಾಕೆ ಹಾಕಲಿಲ್ಲ? ಇಲಿಗಳ ಮೇಲಿನ ದಯೆಯಿಂದ ಹಾಕಿದೆ ಅಂತ ಮೊದಲು ನನಗೆ ನಾನೇ ಅಂದುಕೊಂಡೆ. ದಯೆಯಾಗಿದ್ದರೆ ಇಪ್ಪತ್ತಕ್ಕೂ ಹಾಕಬೇಕಿತ್ತು. ನೀಲಿಯವು ಕೆಡಲಿ, ಕೆಂಪಿನವು ಉಳಿಯಲಿ, ನಿಮ್ಮ ಔಷಧ ಗೆಲ್ಲಲಿ, ಅದು ಬೇಗ ಅಂಗಡಿಗೆ ಬರಲಿ, ಭೀಮಣ್ಣನಿಗೆ ಸಿಗಲಿ. ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ದೇವರು ಸ್ವಲ್ಪ ಕೈ ಹಚ್ಚಿದರೆ ಯಾರ ಗಂಟು ಹೋಗುತ್ತದೆ ಅಂದುಕೊಂಡೆ. ಔಷಧವನ್ನು ಪರೀಕ್ಷೆ ಮಾಡುತ್ತಿದ್ದೀರಿ ಅನ್ನುವುದು ನನಗೆ ಗೊತ್ತಿತ್ತು. ಪರೀಕ್ಷೆ ಅಂದರೆ ಸೋಲಲೂಬಹುದು ಅನ್ನುವುದು ನನಗೆ ಬೇಡವಾಗಿತ್ತು.

ಭೀಮಣ್ಣನಿಗೆ ಇನ್ನೂ ಹೇಳಿಲ್ಲ. ಅವನು ದಿನಾ ಕೇಳುತ್ತಾನೆ, "ಬಾಯಾರ ಕಾಗದ ಬಂತೇನು?" ನೀವು ಬರೆಯಿರಿ. ಅರಿಶಿಣ ಬಿದ್ದರೂ ಔಷಧ ಔಷಧವೇ ಅಂತ ಬರೆದರೆ ಅವನು ಕಾಯಲಿ. ಅಲ್ಲ ಅಂತ ಬರೆದರೆ ಕೈ ಕೊಯ್ಯಿಸುತ್ತೇನೆ. ನೀವು ಹೇಳಿದ ಹಾಗೆ. ನಿಮ್ಮ ಕಾಗದ ಬರುವ ತನಕ ನಾನು ಅವನಿಗೆ ಏನೂ ಹೇಳಲಾರೆ.

ಕೆಲಸದಿಂದ ತೆಗೆಸಿದರೂ ಸರಿ. ಬೇಗ ಬರೆಯಿರಿ.

ಇಂದೂ


ಕೋಲ್ಕತಾ
೩೦ ಅಕ್ಟೋಬರ್ ೨೦೨೫

ಇಂದೂಮಾವಶಿ,

ಐದು ವಾರ ನಾನು ನಿಮಗೆ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಅವುಗಳಲ್ಲಿ ಇದ್ದ ಮಾತುಗಳು ನಿಮಗೆ ಮುಟ್ಟದೇ ಹೋದದ್ದೇ ಒಳ್ಳೆಯದು.

ಪ್ರಬಂಧವನ್ನು ವಾಪಸ್ ತೆಗೆದುಕೊಂಡೆವು. ದಿಲ್ಲಿಗೆ ನಾನು ಹೋಗಲಿಲ್ಲ. ಸರ್‌ಗೆ ಎಲ್ಲ ಹೇಳಿದೆ, ನಿಮ್ಮ ಹೆಸರನ್ನೂ ಹೇಳಿದೆ. ಮುಚ್ಚಿಡಬೇಕು ಅಂತ ಒಂದು ಇಡೀ ದಿನ ಯೋಚಿಸಿದೆ, ಆಗಲಿಲ್ಲ. ನಿಮ್ಮನ್ನು ಕೆಲಸದಿಂದ ತೆಗೆಯುವುದಿಲ್ಲ, ಆದರೆ ಪ್ರಾಣಿಗೃಹದ ಒಳಗೆ ಬಿಡುವುದಿಲ್ಲ. ಗಾಜಿನ ಸಾಮಾನು ತೊಳೆಯುವ ಕೋಣೆಗೆ ಹಾಕುತ್ತಾರೆ. ಕೆಂಪು ಯಾವುದು ಅಂತ ನಿಮಗೆ ಬಾಯಿಬಿಟ್ಟ ತಪ್ಪು ನನ್ನದು. ಅದನ್ನೂ ಸರ್‌ಗೆ ಹೇಳಿದ್ದೇನೆ. ನನಗೂ ಲಿಖಿತ ಎಚ್ಚರಿಕೆ ಕೊಟ್ಟಿದ್ದಾರೆ.

ಅರಿಶಿಣದಲ್ಲಿರುವ ಒಂದು ಅಂಶ ಇದೇ ಸುದ್ದಿಯ ದಾರಿಗೆ ಅಡ್ಡ ಬರುತ್ತದೆ ಅಂತ ಎಷ್ಟೋ ಜನ ಬರೆದಿದ್ದಾರೆ. ನಿಮ್ಮ ಚಿಟಿಕೆ ಏನೂ ಮಾಡಿಲ್ಲದೇ ಇರಬಹುದು. ಎಲ್ಲವನ್ನೂ ಅದೇ ಮಾಡಿರಬಹುದು. ಈಗ ಯಾರಿಗೂ ಹೇಳಲು ಬರುವುದಿಲ್ಲ, ನನ್ನ ಸಿಟ್ಟೆಲ್ಲ ಇದರ ಮೇಲೆ. ಮೊದಲಿನಿಂದ ಮಾಡುತ್ತೇವೆ. ಈ ಸಲ ನಾಲ್ಕು ಗುಂಪು: ಬರೀ ನೀರು, ಬರೀ ಔಷಧ, ಬರೀ ಅರಿಶಿಣ, ಎರಡೂ. ಅದಕ್ಕೆ ನೀವು ದಿನಕ್ಕೆ ಎಷ್ಟು ಹಾಕಿದಿರಿ ಅನ್ನುವುದು ಬೇಕು. ಚಿಟಿಕೆ ಅಂದರೆ ಎಷ್ಟು? ಕಿಶೋರ್ ತಕ್ಕಡಿ ತರುತ್ತಾರೆ. ಅವರ ಮುಂದೆ ಇಪ್ಪತ್ತೆರಡು ಸಲ ಚಿಟಿಕೆ ಹಾಕಿ ತೋರಿಸಿ.

ಇನ್ನೊಂದು ಮಾತು. ಇದನ್ನು ಜುಲೈ ತಿಂಗಳಲ್ಲೇ ಬರೆಯಬೇಕಿತ್ತು. ನಾನು ಬರೆಯಲಿಲ್ಲ, ನಿಮ್ಮ ಕಾಗದದ ಆ ಆಸೆಯನ್ನು ಒಡೆಯಲು ಮನಸ್ಸಾಗಲಿಲ್ಲ. ಈ ಔಷಧ ಇಲಿಗಳಲ್ಲಿ ಗೆದ್ದರೂ ಮನುಷ್ಯರಿಗೆ ಬರಲು ಹತ್ತು ವರ್ಷ ಹಿಡಿಯಬಹುದು, ಬರದೆಯೂ ಇರಬಹುದು. ಬಂದರೂ ಅದು ಹೊಸ ನಾರು ಬೆಳೆಯದಂತೆ ತಡೆಯುವ ಔಷಧ. ಆಗಲೇ ಕಟ್ಟಿದ ನಾರನ್ನು ಅದು ಬಿಚ್ಚುವುದಿಲ್ಲ. ಭೀಮಣ್ಣ ಮಾಮಾನಿಗೆ ಇದು ಎಂದೂ ಔಷಧವಾಗಿರಲಿಲ್ಲ. ಅರಿಶಿಣ ಬಿದ್ದರೂ ಬೀಳದಿದ್ದರೂ.

ಈ ಕಾಗದ ಮುಟ್ಟಿದ ದಿನವೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾನು ಸಿಟ್ಟಿನಲ್ಲಿ ಕೂತ ಐದು ವಾರ ಅವರ ಐದು ವಾರ ಅನ್ನುವುದು ನನಗೆ ಇವತ್ತು ಬೆಳಿಗ್ಗೆ ಹೊಳೆಯಿತು. ಫೋನು ಮಾಡಬಹುದಿತ್ತು. ಮಾಡಲಿಲ್ಲ.

ಶರ್ವರಿ


ಭೋಸರಿ
೨೩ ನವೆಂಬರ್ ೨೦೨೫

ಶರ್ವರಿಬಾಯಾರಿಗೆ ನಮಸ್ಕಾರ.

ಮೊದಲು ನಿಮ್ಮ ಕೆಲಸದ್ದು. ಕಿಶೋರಣ್ಣ ತಕ್ಕಡಿಯನ್ನು ತೊಳೆಯುವ ಕೋಣೆಗೇ ತಂದರು. ಗಾಜಿನ ಬಾಗಿಲಿನ ಆ ಸಣ್ಣ ತಕ್ಕಡಿ, ಉಸಿರು ಬಿಟ್ಟರೂ ಅಂಕಿ ಅಲುಗುತ್ತದೆ. ಇಪ್ಪತ್ತೆರಡು ಸಲ ಹಾಕಿದೆ. ಒಂದು ಸಲ ಇದ್ದಂತೆ ಇನ್ನೊಂದು ಸಲ ಇಲ್ಲ. ಒಮ್ಮೆ ಕಾಲು ಗ್ರಾಮು, ಒಮ್ಮೆ ಅದರ ಎರಡರಷ್ಟು. ಕಿಶೋರಣ್ಣ, "ಇಂದೂಬಾಯಿ, ನಿಮ್ಮ ದೇವರಿಗೆ ಕೈ ಅಳತೆ ಇಲ್ಲವೇನು?" ಅಂದರು. ಎಲ್ಲವನ್ನೂ ಬರೆದುಕೊಂಡರು, ಪಟ್ಟಿ ಇದರ ಜೊತೆ ಇದೆ. ಒಂದು ಮಾತು ಸೇರಿಸಿಕೊಳ್ಳಿರಿ. ಜುಲೈ ಇಪ್ಪತ್ತೆರಡಕ್ಕೆ ಭೀಮಣ್ಣ ಕಾರಖಾನೆಯಲ್ಲಿ ತಲೆ ತಿರುಗಿ ಬಿದ್ದಿದ್ದ. ಅಂದಿನಿಂದ ನಾಲ್ಕೈದು ದಿವಸ ನಾನು ದೊಡ್ಡ ಚಿಟಿಕೆ ಹಾಕಿದ್ದೇನೆ. ಅದು ತಕ್ಕಡಿಯಲ್ಲಿ ಬಂದಿಲ್ಲ.

ಇನ್ನು ಮನೆಯದು. ನಿಮ್ಮ ಕಾಗದ ನವೆಂಬರ್ ಐದಕ್ಕೆ ಬಂತು. ಭೀಮಣ್ಣ ಬಾಗಿಲಲ್ಲೇ ಕೂತಿದ್ದ. "ಓದು" ಅಂದ. ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಓದಿದೆ, ಏನೂ ಬಿಡಲಿಲ್ಲ. ಇಲಿಗಳಿಗೂ ಭಂಡಾರ ಹಾಕಿದ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ.

"ಇಲಿಗೆ ಅರಿಶಿಣ ಹಾಕಿದಿ," ಅಂದ.

"ಹಾಕಿದೆ."

"ನನಗ ಹಾಕಿದ್ಯಲ್ಲ ದಿನಾ, ಅದೇನಾ?"

"ಅದೇ."

"ಇಲಿ ಗುಣಾ ಆದವು. ನಾ ಯಾಕ ಆಗಲಿಲ್ಲ?"

ನಾನು ಕಾಗದ ಮಡಿಚಿದೆ. ಆಮೇಲೆ ಅವನೇ ಅಂದ, "ಹತ್ತು ಇಲಿ ನಂಬಿ ಎರಡು ತಿಂಗಳಾ ಕೂತೆ ನೋಡು. ನಾ ಎಂಥಾ ಶಾಣ್ಯಾ!" ನಕ್ಕ. ಆಮೇಲೆ ಎರಡು ದಿವಸ ನಾನು ತಾಟು ಮುಂದಿಟ್ಟರೆ ಗೋಡೆ ನೋಡಿಕೊಂಡು ಉಂಡ. ಮೂರನೇ ದಿವಸ ಮುಂಜಾನೆ ಸ್ನಾನ ಮಾಡಿ, ಅಂಗಿ ಹಾಕಿಕೊಂಡು, ಫೈಲು ಬಗಲಲ್ಲಿ ಹಿಡಿದು ನಿಂತ. "ನಡಿ, ಎಲ್ಲಿ ಕೊಯ್ತಾರ ಅಲ್ಲಿಗೆ ಹೋಗೂಣು" ಅಂದ.

ಹನ್ನೆರಡಕ್ಕೆ ಫಿಸ್ಟುಲಾ ಆಯಿತು. ಕ್ರಿಯಾಟಿನಿನ್ ಎಂಟು ಪಾಯಿಂಟ್ ಒಂಬತ್ತು. ಸೆಪ್ಟೆಂಬರಿನಲ್ಲೇ ಮಾಡಿಸಿದ್ದರೆ ಇಷ್ಟು ಹೊತ್ತಿಗೆ ಕೈ ತಯಾರಿರುತ್ತಿತ್ತು ಅಂದರು ಡಾಕ್ಟರು. ಈಗ ಕೈ ಬಲಿಯುವುದಕ್ಕಿಂತ ಮೊದಲೇ ಡಯಾಲಿಸಿಸ್ ಬೇಕಾದರೆ ಕುತ್ತಿಗೆಗೆ ನಳಿಗೆ ಹಾಕಬೇಕಾಗುತ್ತದೆ. ಅದಕ್ಕೆ ಸೋಂಕಿನ ಭಯ ಹೆಚ್ಚಂತೆ. ಯಾವುದು ಮೊದಲು ಬರುತ್ತದೆ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಿಮ್ಮ ಐದು ವಾರದ ಸಲುವಾಗಿ ನೀವು ಕೊರಗಬೇಡಿರಿ. ನಿಮ್ಮ ಕಾಗದ ಬರುವ ತನಕ ಬಾಯಿ ತೆರೆಯುವುದಿಲ್ಲ ಅಂತ ಕೂತವಳು ನಾನು. ನನಗೆ ಬಾಯಿ ಇತ್ತಲ್ಲ.

ಡಾಕ್ಟರು ನನ್ನ ಬೆರಳು ಹಿಡಿದು ಅವನ ಎಡಗೈ ಮಣಿಕಟ್ಟಿನ ಮೇಲೆ ಇಟ್ಟರು. ಒಳಗೆ ಏನೋ ಗಿರ್ರ್ ಅಂತ ಒಂದೇ ಸಮ ಅದುರುತ್ತಿತ್ತು, ಮುಚ್ಚಿದ ಮುಷ್ಟಿಯೊಳಗೆ ದುಂಬಿ ಇದ್ದ ಹಾಗೆ. ಇದು ನಿಂತರೆ ಹೊತ್ತುಗೊತ್ತು ನೋಡದೆ ಬರಬೇಕು, ದಿನಕ್ಕೆ ಎರಡು ಸಲ ಮುಟ್ಟಿ ನೋಡಿದರೆ ಸಾಕು ಅಂದರು. ನಾನು ಎಷ್ಟು ಸಲ ನೋಡುತ್ತೇನೆ ಅಂತ ಕೇಳಬೇಡಿರಿ. ಕೆಲಸದಿಂದ ಬಂದು ಚಪ್ಪಲಿ ಬಿಡುವುದಕ್ಕಿಂತ ಮೊದಲು ಒಮ್ಮೆ, ಚಹಾ ಕಾಯಲು ಇಟ್ಟು ಒಮ್ಮೆ, ಅದು ಉಕ್ಕಿ ಹೋದ ಮೇಲೆ ಒಮ್ಮೆ.

ನಿನ್ನೆ ಅವನು ಊಟಕ್ಕೆ ಕೂತಾಗ ಮತ್ತೆ ಕೈ ಹಿಡಿದೆ. "ಅಕ್ಕಾ, ಉಣ್ಣಾಕ ಬಿಡ್ತೀಯೋ ಇಲ್ಲೋ?" ಅಂದ. ಬಿಟ್ಟೆ. ಎರಡು ತುತ್ತು ಉಂಡ. ಆಮೇಲೆ ನನ್ನ ಕಡೆ ನೋಡದೆಯೇ ಎಡಗೈಯನ್ನು ನನ್ನ ತೊಡೆಯ ಮೇಲೆ ಇಟ್ಟು, ಬಲಗೈಯಿಂದ ಊಟ ಮುಂದುವರಿಸಿದ.

ಇಂದೂ